ಕೆ. ಎಸ್. ಅಶ್ವಥ್

ಕೆ. ಎಸ್. ಅಶ್ವಥ್ (25 ಮಾರ್ಚ್ 1925 – 18 ಜನವರಿ 2010): ಕನ್ನಡ ಚಿತ್ರರಂಗದ ಹಿರಿಯ ಪೋಷಕ ನಟ. ಪೂರ್ಣ ಹೆಸರು ಕರಗನಹಳ್ಳಿ ಸುಬ್ಬರಾಯ ಅಶ್ವತ್ಥನಾರಾಯಣ. ಹುಟ್ಟಿದ್ದು, ಬಾಳಿದ್ದು, ತೀರಿಕೊಂಡದ್ದು ಎಲ್ಲವೂ ಮೈಸೂರಿನಲ್ಲಿ. ಹವ್ಯಾಸಿ ನಾಟಕ, ರೇಡಿಯೊ ನಾಟಕಗಳಲ್ಲಿ ಪಳಗಿ 1955ರ 'ಸ್ತ್ರೀರತ್ನ' ಚಿತ್ರದ ನಾಯಕನಾಗಿ ಬೆಳ್ಳಿತೆರೆಗೆ ಬಂದರು. ನಾಯಕ ಪಟ್ಟ ಉಳಿಯಲಿಲ್ಲ. ಬದಲಿಗೆ ಮುನ್ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ತಂದೆ, ಅಣ್ಣ, ಮೇಷ್ಟ್ರು, ನಂಬಿಗಸ್ತ ಆಳು, ಋಷಿ, ನಾರದ ಮುಂತಾದ ಪಾತ್ರಗಳನ್ನು ಮಾಡಿದರು. ಪುಟ್ಟಣ್ಣ ಕಣಗಾಲ್ ನಿರ್ದೇಶನದ 'ನಾಗರಹಾವು' (1972) ಚಿತ್ರದ ಚಾಮಯ್ಯ ಮೇಷ್ಟ್ರು ಅವರ ಹೆಸರಿಗೇ ಅಂಟಿಕೊಂಡ ಪಾತ್ರ.

ಅಶ್ವಥ್ ಎಂದರೆ ಒಳ್ಳೆಯತನ ಎಂದು ಪ್ರೇಕ್ಷಕರು ತೀರ್ಮಾನಿಸಿಬಿಟ್ಟಿದ್ದರು. ಆ ತೀರ್ಮಾನದಲ್ಲಿ ತಪ್ಪಿಲ್ಲ, ಆದರೆ ಅದು ಅರ್ಧ ಮಾತು. ಅವರ ಮುಖ್ಯ ಪಾತ್ರಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಬೇರೊಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಈ ಹಿರಿಯರು ಒಳ್ಳೆಯವರು, ಆದರೆ ಅವರ ಒಳ್ಳೆಯತನದಿಂದ ಯಾರೂ ಉಳಿಯುವುದಿಲ್ಲ. ಕೆಲವು ಕಡೆ ಆ ಒಳ್ಳೆಯತನವೇ ಕೆಡುಕಿಗೆ ದಾರಿ ಮಾಡಿಕೊಡುತ್ತದೆ. ಸಜ್ಜನನ ಅಸಹಾಯಕತೆಯನ್ನು ಇಷ್ಟು ಕಾಲ, ಇಷ್ಟು ಬಗೆಯಲ್ಲಿ ಅಭಿನಯಿಸಿದ ಇನ್ನೊಬ್ಬ ನಟ ಕನ್ನಡದಲ್ಲಿಲ್ಲ.

ಮೈಸೂರು, ನೌಕರಿ, ರೇಡಿಯೊ

ಅಶ್ವಥ್ ಬೆಳೆದ ಮೈಸೂರು ಅರಮನೆ, ಮಹಾರಾಜ ಕಾಲೇಜು, ಸಂಗೀತ ಕಛೇರಿ ಮತ್ತು ನಾಟಕಗಳ ಊರು. 1942ರಲ್ಲಿ ಭಾರತ ಬಿಟ್ಟು ತೊಲಗಿ ಚಳವಳಿ ಆರಂಭವಾದಾಗ ಅವರಿಗೆ ಹದಿನೇಳು ವರ್ಷ. ಚಳವಳಿಗೆ ಧುಮುಕಿದ ಅನೇಕ ವಿದ್ಯಾರ್ಥಿಗಳ ಹಾಗೆ ಅವರ ಓದೂ ಅಲ್ಲಿಗೇ ನಿಂತಿತು. ಮುಂದೆ ಸರ್ಕಾರದ ಆಹಾರ ಇಲಾಖೆಯಲ್ಲಿ ಕೆಲಸ ಸಿಕ್ಕಿತು. ಯುದ್ಧಕಾಲದಲ್ಲಿ ಮತ್ತು ಅದರ ನಂತರ ಅಕ್ಕಿ, ಸಕ್ಕರೆ, ಸೀಮೆಎಣ್ಣೆಗಳೆಲ್ಲ ರೇಷನ್ನಿನಲ್ಲಿದ್ದ ದಿನಗಳವು. ತಿಂಗಳ ಸಂಬಳದ ಮನುಷ್ಯ ಹೇಗೆ ನಿಲ್ಲುತ್ತಾನೆ, ಮೇಲಿನವರ ಮುಂದೆ ಹೇಗೆ ಕೈ ಕಟ್ಟುತ್ತಾನೆ, ಮನೆಗೆ ಬಂದು ಕೋಟು ತೆಗೆದಮೇಲೆ ಹೇಗೆ ಬೇರೆಯವನಾಗುತ್ತಾನೆ ಎಂಬುದನ್ನು ತೆರೆಯ ಮೇಲೆ ಅವರಷ್ಟು ಸಹಜವಾಗಿ ತೋರಿಸಿದವರು ಕಡಿಮೆ. ಆ ಬದುಕನ್ನು ಅವರು ಹೊರಗಿನಿಂದ ನೋಡಿ ಕಲಿತದ್ದಲ್ಲ.

ಆ ಕಾಲದ ಕನ್ನಡ ನಟರಿಗೆ ಚಿತ್ರರಂಗದ ಹೆಬ್ಬಾಗಿಲು ಕಂಪನಿ ನಾಟಕ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' (1934) ತೆರೆ ಕಂಡಾಗ ಅದರಲ್ಲಿದ್ದ ಎಂ. ವಿ. ಸುಬ್ಬಯ್ಯನಾಯ್ಡು, ಆರ್. ನಾಗೇಂದ್ರರಾಯರು ಕಂಪನಿಯವರು. ಇಪ್ಪತ್ತು ವರ್ಷದ ನಂತರ 'ಬೇಡರ ಕಣ್ಣಪ್ಪ' (1954) ಬಂದಾಗ ಅದರ ರಾಜ್‌ಕುಮಾರ್, ನರಸಿಂಹರಾಜು, ಜಿ. ವಿ. ಅಯ್ಯರ್ ಎಲ್ಲರೂ ಗುಬ್ಬಿ ವೀರಣ್ಣನವರ ಕಂಪನಿಯ ನೆರಳಿನಲ್ಲಿ ಬೆಳೆದವರು. ಕಂಪನಿಯಲ್ಲಿ ಮೈಕಿಲ್ಲದೆ ಕೊನೆಯ ಸಾಲಿನವನಿಗೂ ಮಾತು ಕೇಳಿಸಬೇಕು, ಹಾಡು ಬರಬೇಕು, ಕಂದ ಪದ್ಯ ಎತ್ತಿ ಹೇಳಬೇಕು, ಒನ್ಸ್ ಮೋರ್ ಬಿದ್ದರೆ ಸತ್ತವನೂ ಎದ್ದು ಮತ್ತೆ ಹಾಡಬೇಕು. ಅಲ್ಲಿ ತಯಾರಾದ ನಟನಿಗೆ ಕ್ಯಾಮೆರಾದ ಮುಂದೆ ದನಿ ತಗ್ಗಿಸುವುದೇ ಹೊಸ ವಿದ್ಯೆ.

ಅಶ್ವಥ್ ಬಂದದ್ದು ಈ ದಾರಿಯಿಂದಲ್ಲ. ಅವರದು ಹವ್ಯಾಸಿ ರಂಗ. ಹಗಲು ಕಚೇರಿ, ಸಂಜೆ ರಂಗತಾಲೀಮು. ಸೀನು ಸೀನರಿಗಿಂತ ಸಂಭಾಷಣೆಗೆ ಬೆಲೆ ಇದ್ದ ನಾಟಕಗಳು. ಜೊತೆಗೆ ರೇಡಿಯೊ. 1935ರಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆಯಲ್ಲಿ ಶುರು ಮಾಡಿದ ಖಾಸಗಿ ಬಾನುಲಿ ಕೇಂದ್ರವೇ 'ಆಕಾಶವಾಣಿ'. ಮುಂದೆ ಇಡೀ ದೇಶದ ರೇಡಿಯೊಗೆ ಅದೇ ಹೆಸರಾಯಿತು. ಆ ಕೇಂದ್ರ ಸಂಸ್ಥಾನದ ವಶಕ್ಕೆ, ಆಮೇಲೆ ಕೇಂದ್ರ ಸರ್ಕಾರದ ವಶಕ್ಕೆ ಹೋಗಿ 1955ರಲ್ಲಿ ಬೆಂಗಳೂರಿಗೆ ಸ್ಥಳಾಂತರವಾಯಿತು. ಅಷ್ಟರವರೆಗೆ ಮೈಸೂರಿನ ಹವ್ಯಾಸಿ ನಟರಿಗೆ ಅದು ದೊಡ್ಡ ಪಾಠಶಾಲೆ. ಅಶ್ವಥ್ ಅಲ್ಲಿ ನಾಟಕಗಳಿಗೆ ದನಿ ಕೊಟ್ಟರು.

ರೇಡಿಯೊ ನಾಟಕದಲ್ಲಿ ಬಣ್ಣವಿಲ್ಲ, ವೇಷವಿಲ್ಲ, ಕೈಸನ್ನೆಗೆ ಕೆಲಸವಿಲ್ಲ. ಕೈಯಲ್ಲಿ ಹಿಡಿದ ಹಾಳೆ ಸರಸರ ಎನ್ನಬಾರದು. ಉಸಿರು ಎಳೆದುಕೊಂಡದ್ದು ಕೇಳಿಸಿದರೆ ಅದಕ್ಕೂ ಅರ್ಥ ಹುಟ್ಟಿಬಿಡುತ್ತದೆ. ಸುಮ್ಮನಿದ್ದರೆ ಆ ಮೌನವೂ ಕೇಳುಗನಿಗೆ ತಲುಪಬೇಕು. ಅಶ್ವಥ್ ಅವರ ಸಿನಿಮಾ ಅಭಿನಯದ ಗುಟ್ಟು ಇಲ್ಲಿಯೇ ಇದೆ ಎಂದು ಧಾರಾಳವಾಗಿ ಹೇಳಬಹುದು. ದುಃಖದ ಮಾತನ್ನು ಅವರು ಎತ್ತರಿಸಿ ಹೇಳುವುದಿಲ್ಲ. ವಾಕ್ಯದ ಕೊನೆಯ ಪದವನ್ನು ಕೊಂಚ ಒಳಕ್ಕೆಳೆದುಕೊಂಡು ಬಿಡುತ್ತಾರೆ, ಉಳಿದದ್ದನ್ನು ಕೇಳುವವನೇ ತುಂಬಿಕೊಳ್ಳಬೇಕು.

ನಾಯಕನಾಗಿ ಬಂದು ತಂದೆಯಾದದ್ದು

ಕೆ. ಎಂ. ಬಸವಯ್ಯ ನಿರ್ದೇಶಿಸಿದ 'ಸ್ತ್ರೀರತ್ನ' ತೆರೆಗೆ ಬಂದಾಗ ಅಶ್ವಥ್ ಅವರಿಗೆ ಮೂವತ್ತು. ಹಿಂದಿನ ವರ್ಷವಷ್ಟೇ 'ಬೇಡರ ಕಣ್ಣಪ್ಪ' ರಾಜ್‌ಕುಮಾರರನ್ನೂ, 'ನಟಶೇಖರ' ಕಲ್ಯಾಣ್‌ಕುಮಾರರನ್ನೂ ಕೊಟ್ಟಿತ್ತು. ಮರುವರ್ಷ 'ಭಾಗ್ಯೋದಯ'ದಿಂದ ಉದಯಕುಮಾರ್ ಬಂದರು. ವರ್ಷಕ್ಕೆ ಬೆರಳೆಣಿಕೆಯಷ್ಟು ಕನ್ನಡ ಚಿತ್ರಗಳು ಬರುತ್ತಿದ್ದ ಕಾಲದಲ್ಲಿ ಮೂವರು ಕುಮಾರರಿಗೇ ಕೆಲಸ ಸಾಲದು, ನಾಲ್ಕನೆಯ ನಾಯಕನಿಗೆ ಜಾಗವೆಲ್ಲಿ? ಅದೂ ಅಲ್ಲದೆ ಅಂದಿನ ಕನ್ನಡ ಚಿತ್ರವೆಂದರೆ ಬಹುಪಾಲು ಪೌರಾಣಿಕ, ಭಕ್ತಿಕಥೆ ಅಥವಾ ಜಾನಪದ. ಕಿರೀಟ ಹೊತ್ತು ಕತ್ತಿ ಹಿರಿಯುವ ಮೈಕಟ್ಟಾಗಲಿ, ಮಟ್ಟು ಎತ್ತಿ ಹಾಡುವ ಕಂಪನಿ ತಾಲೀಮಾಗಲಿ ಅಶ್ವಥ್ ಅವರಿಗಿರಲಿಲ್ಲ.

ಇದ್ದದ್ದು ತಿದ್ದಿ ತೀಡಿದ ಮೈಸೂರು ಕನ್ನಡ, ಸೌಮ್ಯ ಮುಖ. ಅದಕ್ಕೆ ಪೌರಾಣಿಕ ಚಿತ್ರಗಳಲ್ಲಿ ಒಂದು ಸಿದ್ಧ ಪಾತ್ರವಿತ್ತು: ನಾರದ. ಅದನ್ನು ಅವರು ಹಲವು ಚಿತ್ರಗಳಲ್ಲಿ ಮಾಡಿದರು. ನಾರದನ ಪಾತ್ರ ಕಂಪನಿ ರಂಗದಲ್ಲಿ ಒಂದು ಅಚ್ಚಿಗೆ ಕೂತುಬಿಟ್ಟಿತ್ತು. ತಂಬೂರಿ, ಚಿಟಿಕೆ, ತುಂಟ ನಗು, ಜಗಳ ಹಚ್ಚುವ ಖುಷಿ. ಅಶ್ವಥ್ ಅವರ ನಾರದ ಜಗಳ ಹಚ್ಚಿದರೂ ಅದರಲ್ಲಿ ಲೋಕಕಲ್ಯಾಣದ ಲೆಕ್ಕಾಚಾರವಿರುವ ಹಿರಿಯ. ಕಿಡಿಗೇಡಿತನ ಅವರಿಗೆ ಅಷ್ಟಾಗಿ ಒಗ್ಗಲಿಲ್ಲ ಎಂದೂ ಇದನ್ನು ಹೇಳಬಹುದು.

ಅರವತ್ತರ ದಶಕದಲ್ಲಿ ಸಾಮಾಜಿಕ ಚಿತ್ರಗಳು ಹೆಚ್ಚಾದವು, ಕಾದಂಬರಿಗಳು ಚಿತ್ರಗಳಾಗತೊಡಗಿದವು. ಕಥೆ ಅರಮನೆಯಿಂದ ಮಧ್ಯಮ ವರ್ಗದ ಮನೆಯ ಪಡಸಾಲೆಗೆ ಇಳಿಯಿತು. ಪಡಸಾಲೆಗೊಬ್ಬ ಯಜಮಾನ ಬೇಕು, ಆರಾಮ ಕುರ್ಚಿಯಲ್ಲಿ ಕುಳಿತು ಪತ್ರಿಕೆ ಓದುವವನು, ಮಗಳ ಮದುವೆಗೆ ಸಾಲ ಮಾಡುವವನು, ಮಗನ ತಪ್ಪಿಗೆ ತಲೆ ತಗ್ಗಿಸುವವನು. ಆ ಕುರ್ಚಿ ಅಶ್ವಥ್ ಅವರಿಗೆ ಮೀಸಲಾಯಿತು. ಅಡುಗೆಮನೆಯ ಬಾಗಿಲಲ್ಲಿ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ನಿಲ್ಲುವ ಹೆಂಡತಿ ಪಂಢರಿಬಾಯಿ. ಕನ್ನಡ ಪ್ರೇಕ್ಷಕರ ಪಾಲಿಗೆ ಇವರಿಬ್ಬರೂ ಎಷ್ಟೋ ವರ್ಷ ಆದರ್ಶ ದಂಪತಿ.

ವಯಸ್ಸಿನ ಲೆಕ್ಕ ಇಲ್ಲಿ ತಮಾಷೆಯಾಗಿದೆ. ರಾಜ್‌ಕುಮಾರ್ ಹುಟ್ಟಿದ್ದು 1929ರ ಏಪ್ರಿಲ್‌ನಲ್ಲಿ. ಅಂದರೆ ಅಶ್ವಥ್ ಅವರಿಗಿಂತ ಕೇವಲ ನಾಲ್ಕು ವರ್ಷ ಚಿಕ್ಕವರು. 'ಎರಡು ಕನಸು' (1974) ಚಿತ್ರದಲ್ಲಿ ಅವರ ತಂದೆ ಅಶ್ವಥ್, ತಾಯಿ ಪಂಢರಿಬಾಯಿ. ಇದೇ ಪಂಢರಿಬಾಯಿ ಇಪ್ಪತ್ತು ವರ್ಷ ಹಿಂದೆ 'ಬೇಡರ ಕಣ್ಣಪ್ಪ'ದಲ್ಲಿ ರಾಜ್‌ಕುಮಾರರ ನಾಯಕಿ! ನಾಯಕನ ವಯಸ್ಸು ನಿಂತಲ್ಲೇ ನಿಲ್ಲಬೇಕು, ಸುತ್ತಲಿನವರು ಅವನ ಪಾಲಿನ ವಯಸ್ಸನ್ನೂ ಸೇರಿಸಿ ಮುದುಕರಾಗಬೇಕು. ಪೋಷಕ ನಟನ ವೃತ್ತಿಯ ಈ ಅಲಿಖಿತ ಕರಾರನ್ನು ಅಶ್ವಥ್ ನಲವತ್ತು ತುಂಬುವ ಮೊದಲೇ ಒಪ್ಪಿಕೊಂಡಿದ್ದರು. ಕೂದಲಿಗೆ ಬಿಳಿ ಬಳಿದುಕೊಂಡರೆ ಮುಪ್ಪು ಬರುವುದಿಲ್ಲ. ಅವರು ಕುರ್ಚಿಯಿಂದ ಏಳುವಾಗ ಕೈ ಊರುವ ರೀತಿ, ಮೆಟ್ಟಿಲ ಮುಂದೆ ಒಂದು ಕ್ಷಣ ನಿಲ್ಲುವ ರೀತಿ, ಕರೆದರೆ ಮೊದಲು ಮುಖ ತಿರುಗಿಸಿ ಆಮೇಲೆ ಮೈ ತಿರುಗಿಸುವ ರೀತಿಯಿಂದ ಅದು ಬರುತ್ತಿತ್ತು.

ಸದಾಶಿವರಾಯರು, ರಾಮಯ್ಯ

'ಬೆಳ್ಳಿಮೋಡ' (1967) ತ್ರಿವೇಣಿಯವರ ಕಾದಂಬರಿ ಆಧರಿಸಿದ್ದು, ಕನ್ನಡದಲ್ಲಿ ಪುಟ್ಟಣ್ಣನವರ ಮೊದಲ ಸ್ವತಂತ್ರ ಚಿತ್ರ. ಅಶ್ವಥ್ ಇದರಲ್ಲಿ ಮಲೆನಾಡಿನ ಎಸ್ಟೇಟಿನ ಒಡೆಯ ಸದಾಶಿವರಾಯರು. ಒಬ್ಬಳೇ ಮಗಳು ಇಂದಿರಾ (ಕಲ್ಪನಾ). ಅವಳನ್ನು ಮದುವೆಯಾಗಲಿರುವ ಮೋಹನನನ್ನು (ಕಲ್ಯಾಣ್‌ಕುಮಾರ್) ತಮ್ಮ ಖರ್ಚಿನಲ್ಲಿ ಹೆಚ್ಚಿನ ಓದಿಗೆ ಅಮೆರಿಕಕ್ಕೆ ಕಳಿಸುತ್ತಾರೆ. ಅಷ್ಟರಲ್ಲಿ, ಯಾರೂ ಎಣಿಸದ ಹೊತ್ತಿನಲ್ಲಿ, ದಂಪತಿಗೆ ಗಂಡುಮಗು ಹುಟ್ಟುತ್ತದೆ. ಆಸ್ತಿಗೆ ವಾರಸುದಾರ ಬಂದನೆಂದು ತಿಳಿದ ಮೋಹನ ಮದುವೆಯ ಮಾತಿನಿಂದ ಹಿಂಜರಿಯುತ್ತಾನೆ. ಚಿತ್ರ ಕಲ್ಪನಾ ಅವರದು, ಅದರಲ್ಲಿ ಎರಡು ಮಾತಿಲ್ಲ. ಆದರೆ ತಂದೆಯ ಸ್ಥಿತಿ ವಿಚಿತ್ರ. ಮಗ ಹುಟ್ಟಿದ ಸಂತೋಷವೇ ಮಗಳ ಬಾಳು ಮುರಿಯಲು ಕಾರಣ. ಯಾರನ್ನು ಬೈಯಬೇಕು? ಅಶ್ವಥ್ ಯಾರನ್ನೂ ಬೈಯುವುದಿಲ್ಲ. ಮಗಳ ಮುಂದೆ ಅಪರಾಧಿಯ ಹಾಗೆ ಕಾಣುತ್ತಾರೆ, ಅಪರಾಧವೇನೂ ಮಾಡದೆ.

'ಕಸ್ತೂರಿ ನಿವಾಸ' (1971, ನಿರ್ದೇಶನ ದೊರೈ–ಭಗವಾನ್) ಚಿತ್ರದ ರಾಮಯ್ಯ ಇನ್ನೊಂದು ಬಗೆ. ಬೆಂಕಿಪೆಟ್ಟಿಗೆ ಕಾರ್ಖಾನೆಯ ಒಡೆಯ ರವಿವರ್ಮ (ರಾಜ್‌ಕುಮಾರ್) ಕೊಡುಗೈ ದೊರೆ. ಕೊಡುತ್ತ ಕೊಡುತ್ತ ಎಲ್ಲವನ್ನೂ ಕಳೆದುಕೊಳ್ಳುತ್ತಾನೆ. ಅವನ ಮನೆಯ ಹಳೆಯ ಆಳು ರಾಮಯ್ಯ. ಕನ್ನಡ ಚಿತ್ರಗಳಲ್ಲಿ ನಂಬಿಗಸ್ತ ಆಳಿನ ಪಾತ್ರ ಹೊಸದೇನಲ್ಲ. ಹೆಗಲ ಮೇಲೆ ಟವೆಲು ಹಾಕಿಕೊಂಡು ಧಣಿಯ ಕಷ್ಟಕ್ಕೆ ಕಣ್ಣೊರೆಸಿಕೊಂಡರೆ ಮುಗಿಯಿತು. ಅಶ್ವಥ್ ಅದಕ್ಕೆ ಸೇರಿಸಿದ್ದು ಸಿಟ್ಟು. ಅನ್ನಲಾಗದ, ಆದರೆ ಅಡಗಿಸಲೂ ಆಗದ ಸಿಟ್ಟು. ಧಣಿ ಇನ್ನೊಂದು ದಾನಕ್ಕೆ ಕೈ ಎತ್ತಿದಾಗಲೆಲ್ಲ ಈ ಮುದುಕನ ಮುಖದಲ್ಲಿ ಮನೆಯ ಲೆಕ್ಕ ಓಡುತ್ತದೆ. ಕೊನೆಯಲ್ಲಿ ನೀಲಾ (ಜಯಂತಿ) ಕಾಯಿಲೆಯ ಮಗುವಿಗಾಗಿ ಮನೆಯ ಪಾರಿವಾಳವನ್ನು ಕೇಳಿಕೊಂಡು ಬರುತ್ತಾಳೆ. ಅವಳಿಗೆ ಊಟ ಹಾಕುವುದಕ್ಕಾಗಿಯೇ ಆ ಪಾರಿವಾಳ ಮನೆಯಿಂದ ಹೋಗಿಬಿಟ್ಟಿರುತ್ತದೆ. ಆ ದೃಶ್ಯದ ಕೇಂದ್ರ ರಾಜ್‌ಕುಮಾರ್. ಆದರೆ ಅದರ ನೋವನ್ನು ಪ್ರೇಕ್ಷಕ ಅಳೆಯುವುದು ಪಕ್ಕದಲ್ಲಿ ನಿಂತ ರಾಮಯ್ಯನಿಂದ, ಏಕೆಂದರೆ ರವಿವರ್ಮ ತನ್ನ ನೋವನ್ನು ತೋರಿಸುವವನಲ್ಲ. ಪೋಷಕ ಪಾತ್ರದ ಕೆಲಸವೇನೆಂದು ಯಾರಾದರೂ ಕೇಳಿದರೆ ಈ ಒಂದು ದೃಶ್ಯವನ್ನು ತೋರಿಸಿದರೆ ಸಾಕು.

ಚಿತ್ರ ಮುಂದೆ ಹಿಂದಿಯಲ್ಲಿ ಸಂಜೀವ್‌ಕುಮಾರ್, ತಮಿಳಿನಲ್ಲಿ ಶಿವಾಜಿ ಗಣೇಶನ್ ನಾಯಕತ್ವದಲ್ಲಿ ಮತ್ತೆ ತಯಾರಾಯಿತು.

ಚಾಮಯ್ಯ ಮೇಷ್ಟ್ರು

1972ರ ಡಿಸೆಂಬರ್ ಕೊನೆಯಲ್ಲಿ ಬಿಡುಗಡೆಯಾದ 'ನಾಗರಹಾವು' ತ. ರಾ. ಸುಬ್ಬರಾಯರ ಮೂರು ಕಾದಂಬರಿಗಳನ್ನು ('ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ') ಬೆಸೆದ ಚಿತ್ರ. ಎನ್. ವೀರಾಸ್ವಾಮಿ ನಿರ್ಮಾಪಕರು, ವಿಜಯಭಾಸ್ಕರ್ ಸಂಗೀತ. ಚಿತ್ರದುರ್ಗದ ಕೋಟೆ, ಬಂಡೆ, ಬತೇರಿಗಳ ನಡುವೆ ನಡೆಯುವ ಕಥೆ. ವಿಷ್ಣುವರ್ಧನ್ ನಾಯಕರಾದ ಮೊದಲ ಚಿತ್ರ, ಜಲೀಲನಾಗಿ ಅಂಬರೀಷ್ ಅವರ ಮೊದಲ ಚಿತ್ರ. ಮುಂಗೋಪಿ, ಹಟಮಾರಿ, ಒಳಗೊಳಗೇ ಮೃದು ಮನಸ್ಸಿನ ರಾಮಾಚಾರಿಯನ್ನು ಊರೆಲ್ಲ ಪೋಲಿ ಎನ್ನುತ್ತದೆ. ಅವನು ತಲೆ ಬಾಗುವುದು ಚಿಕ್ಕಂದಿನಲ್ಲಿ ಪಾಠ ಹೇಳಿದ ಚಾಮಯ್ಯ ಮೇಷ್ಟ್ರಿಗೆ ಮಾತ್ರ. ಮಕ್ಕಳಿಲ್ಲದ ಮೇಷ್ಟ್ರಿಗೂ ಅವರ ಹೆಂಡತಿ ತುಂಗಮ್ಮನಿಗೂ (ಲೀಲಾವತಿ) ಅವನೇ ಮಗ.

ಈ ಪಾತ್ರವನ್ನು ಶಿಷ್ಯವಾತ್ಸಲ್ಯದ ಮೂರ್ತಿ ಎಂದು ಕೊಂಡಾಡುವುದು ರೂಢಿ. ಚಿತ್ರವನ್ನು ಇನ್ನೊಮ್ಮೆ ನೋಡಿದರೆ ಮಾತು ಅಷ್ಟು ಸಲೀಸಲ್ಲ ಎಂದು ತಿಳಿಯುತ್ತದೆ. ರಾಮಾಚಾರಿಯನ್ನು ಮೇಷ್ಟ್ರು ಗೆಲ್ಲುವುದು ಪ್ರೀತಿಯಿಂದ, ಆಳುವುದೂ ಅದೇ ಪ್ರೀತಿಯಿಂದ. ಗೆಳೆಯ ವರದನ (ಶಿವರಾಂ) ತಂಗಿ ಅಲಮೇಲು (ಆರತಿ) ಮತ್ತು ರಾಮಾಚಾರಿ ಪ್ರೀತಿಸುತ್ತಾರೆ. ಜಾತಿ ಅಡ್ಡ ಬರುತ್ತದೆ. ಹುಡುಗಿಯ ಮನೆಯವರು ಮೇಷ್ಟ್ರ ಮೊರೆ ಹೋಗುತ್ತಾರೆ. ಬೇರೆ ಯಾರೇ ಹೇಳಿದ್ದರೂ ರಾಮಾಚಾರಿ ಹೆಡೆ ಬಿಚ್ಚುತ್ತಿದ್ದ. ಮೇಷ್ಟ್ರು ಗದರುವುದಿಲ್ಲ, ಬೇಡುತ್ತಾರೆ. ಅಶ್ವಥ್ ಈ ದೃಶ್ಯವನ್ನು ನಿಭಾಯಿಸಿದ ಬಗೆ ಗಮನಿಸಬೇಕು. ದನಿ ಬೆಣ್ಣೆಯಷ್ಟು ಮೆತ್ತಗಿದೆ, ಆದರೆ ಎದುರಿಗಿರುವ ಹುಡುಗನಿಗೆ ಇಲ್ಲ ಎನ್ನುವ ದಾರಿಯನ್ನೇ ಉಳಿಸುವುದಿಲ್ಲ. ತಾನು ಮಾಡುತ್ತಿರುವುದು ಸರಿ ಎಂಬ ಬಗ್ಗೆ ಮೇಷ್ಟ್ರಿಗೆ ಎಳ್ಳಷ್ಟೂ ಅನುಮಾನವಿಲ್ಲ. ಇಲ್ಲಿ ಒಂದು ಚೂರು ಕಪಟ ಇಣುಕಿದ್ದರೂ ಪಾತ್ರ ಖಳನಾಗುತ್ತಿತ್ತು. ಒಂದು ಚೂರು ಸಂಕೋಚ ಇಣುಕಿದ್ದರೆ ನಾವು ಅವರನ್ನು ಸುಲಭವಾಗಿ ಕ್ಷಮಿಸುತ್ತಿದ್ದೆವು. ಅಶ್ವಥ್ ಎರಡಕ್ಕೂ ಎಡೆ ಕೊಡಲಿಲ್ಲ.

ಶಿಷ್ಯ ಮಾತು ಕೊಡುತ್ತಾನೆ. ಅಲಮೇಲು ಬೇರೆಯವನ ಹೆಂಡತಿಯಾಗುತ್ತಾಳೆ. ಮುಂದೆ ಅವಳು ರಾಮಾಚಾರಿಗೆ ಸಿಗುವುದು ಹೋಟೆಲಿನ ಕೋಣೆಯೊಂದರಲ್ಲಿ, ಮೈ ಮಾರಿಕೊಳ್ಳುವ ಹೆಣ್ಣಾಗಿ. ಕೊನೆಯಲ್ಲಿ ಕ್ರೈಸ್ತ ಹುಡುಗಿ ಮಾರ್ಗರೆಟ್ (ಶುಭಾ) ಜೊತೆ ಹೊರಟ ರಾಮಾಚಾರಿಯನ್ನು ತಡೆಯಲು ಮೇಷ್ಟ್ರು ಬೆಟ್ಟ ಹತ್ತಿ ಬರುತ್ತಾರೆ. ಈ ಸಲ ಶಿಷ್ಯ ಬಾಗುವುದಿಲ್ಲ. ಅಲಮೇಲುವಿನ ಗತಿಯನ್ನು ಮುಂದಿಟ್ಟು, ನೀವು ಹೇಳಿದ್ದು ಸರಿಯಿತ್ತೇ ಎಂದು ಕೇಳುತ್ತಾನೆ. ಮೇಷ್ಟ್ರ ಬಳಿ ಉತ್ತರವಿಲ್ಲ. ಉತ್ತರವಿಲ್ಲದಿದ್ದರೂ ದಾರಿ ಬಿಡುವುದಿಲ್ಲ. ಜಗ್ಗಾಟದಲ್ಲಿ ಅವರು ಕೆಳಗೆ ಉರುಳುತ್ತಾರೆ. ಗುರುವನ್ನು ಕೊಂದೆನೆಂಬ ಅರಿವಿನಲ್ಲಿ ರಾಮಾಚಾರಿ, ಅವನ ಜೊತೆ ಮಾರ್ಗರೆಟ್ ಅಲ್ಲಿಂದಲೇ ಧುಮುಕುತ್ತಾರೆ. ಮೂರು ಸಾವು. ಕೆಟ್ಟವನೆಂದು ಬೆರಳು ತೋರಿಸಲು ಬೆಟ್ಟದ ಮೇಲೆ ಒಬ್ಬನೂ ಇರಲಿಲ್ಲ.

ಕಾದಂಬರಿಕಾರರಿಗೆ ಚಿತ್ರ ಹಿಡಿಸಲಿಲ್ಲ. ನಾಗರಹಾವನ್ನು ಕೇರೆಹಾವು ಮಾಡಿದರೆಂಬ ಅವರ ಆಕ್ಷೇಪ ಕನ್ನಡ ಚಿತ್ರರಂಗದಲ್ಲಿ ಇಂದಿಗೂ ಉಲ್ಲೇಖವಾಗುತ್ತದೆ. ರಾಮಾಚಾರಿಯ ಮಟ್ಟಿಗೆ ಆ ಆಕ್ಷೇಪದ ಬಗ್ಗೆ ಚರ್ಚೆ ಮಾಡಬಹುದು. ಮೇಷ್ಟ್ರ ಪಾತ್ರವನ್ನಂತೂ ಪುಟ್ಟಣ್ಣ ಮತ್ತು ಅಶ್ವಥ್ ಸೇರಿ ಹಗುರ ಮಾಡಲಿಲ್ಲ.

ಈ ಚಿತ್ರದ ಅಭಿನಯಕ್ಕೆ ಅಶ್ವಥ್ ಅವರಿಗೆ ಅತ್ಯುತ್ತಮ ಪೋಷಕ ನಟ ರಾಜ್ಯ ಪ್ರಶಸ್ತಿ ಬಂತು. ವಿಷ್ಣುವರ್ಧನ್, ಆರತಿ, ಶುಭಾ ಅವರಿಗೂ ಅದೇ ವರ್ಷ ರಾಜ್ಯ ಪ್ರಶಸ್ತಿಗಳು ದಕ್ಕಿದವು. ಇದರ ತೆಲುಗು ರೂಪ 'ಕೋಡೆನಾಗು' (1974) ಚಿತ್ರದಲ್ಲಿ ಮೇಷ್ಟ್ರ ಪಾತ್ರ ಮಾಡಿದವರು ಗೀತರಚನಕಾರ ಆಚಾರ್ಯ ಆತ್ರೇಯ. ಪುಟ್ಟಣ್ಣನವರೇ ಹಿಂದಿಯಲ್ಲಿ ತೆಗೆದ 'ಜಹರೀಲಾ ಇನ್ಸಾನ್' (1974) ಚಿತ್ರದಲ್ಲಿ ಪ್ರಾಣ್. ರಿಷಿ ಕಪೂರ್ ನಾಯಕರಾಗಿದ್ದರೂ ಹಿಂದಿಯ ಚಿತ್ರ ಓಡಲಿಲ್ಲ.

ಅಭಿನಯ, ಸಹನಟರು, ವೃತ್ತಿ

ಅದೇ ಕಾಲದ ಇತರ ಪೋಷಕ ನಟರ ಜೊತೆ ಇಟ್ಟು ನೋಡಿದರೆ ಅಶ್ವಥ್ ಅವರ ರೀತಿ ಸ್ಪಷ್ಟವಾಗುತ್ತದೆ. ಟಿ. ಎನ್. ಬಾಲಕೃಷ್ಣ ಕಿವಿ ಮಂದವಾಗಿದ್ದರೂ ಕಂಪನಿಯ ಕಸುವಿನಿಂದ ಹಾಸ್ಯ, ಕುಹಕ, ಕರುಣೆ ಮೂರನ್ನೂ ಒಂದೇ ಉಸಿರಿನಲ್ಲಿ ಮಾಡಬಲ್ಲವರು. 'ಬಂಗಾರದ ಮನುಷ್ಯ'ದ (1972) ರಾಚೂಟಪ್ಪ ಅದಕ್ಕೆ ಸಾಕ್ಷಿ. ಲೋಕನಾಥ್ ಹವ್ಯಾಸಿ ರಂಗದಿಂದಲೇ ಬಂದವರು. 'ನಾಗರಹಾವು' ಚಿತ್ರದಲ್ಲಿ ರಾಮಾಚಾರಿಯ ಕೈಗೆ ಸಿಕ್ಕಿ ಅವಮಾನಕ್ಕೆ ಈಡಾಗುವ ಪ್ರಿನ್ಸಿಪಾಲರು ಅವರೇ. 'ಭೂತಯ್ಯನ ಮಗ ಅಯ್ಯು' (1974) ಚಿತ್ರದಲ್ಲಿ ಉಪ್ಪಿನಕಾಯಿಯ ಆಸೆ ತಡೆಯಲಾರದ ಮನುಷ್ಯನಾಗಿ ಕೆಲವೇ ನಿಮಿಷದಲ್ಲಿ ಚಿತ್ರಮಂದಿರವನ್ನು ಗೆದ್ದರು. ಇಂಥ ಜನ ಕಂಡೊಡನೆ ನಗುವಂತೆ, ಮೆಚ್ಚುವಂತೆ ಮಾಡುವ ಒಂದು ದೃಶ್ಯವನ್ನು ತಮ್ಮದಾಗಿಸಿಕೊಳ್ಳಬಲ್ಲವರು. ಅಶ್ವಥ್ ದೃಶ್ಯವನ್ನು ಎತ್ತಿಕೊಂಡು ಹೋಗುವ ನಟರಲ್ಲ. ಎದುರಿನವರ ಮಾತು ಮುಗಿಯುವವರೆಗೆ ನಿಜವಾಗಿ ಕೇಳಿಸಿಕೊಳ್ಳುವವರು. ಹೊಸ ಹುಡುಗ ವಿಷ್ಣುವರ್ಧನ್ 'ನಾಗರಹಾವು' ಚಿತ್ರದಲ್ಲಿ ಅಷ್ಟು ಸಲೀಸಾಗಿ ಸಿಡಿಯಲು ಸಾಧ್ಯವಾದದ್ದು ಎದುರಿಗೆ ಅಷ್ಟು ಸ್ಥಿರವಾದ ಮುಖವೊಂದು ಇದ್ದುದರಿಂದ.

ಮಿತಿಗಳಿರಲಿಲ್ಲವೆಂದಲ್ಲ. ಹಾಸ್ಯ ಅವರ ಕ್ಷೇತ್ರವಾಗಿರಲಿಲ್ಲ. ಹಳ್ಳಿಗನ ಒರಟು ಭಾಷೆ ಅವರ ಬಾಯಲ್ಲಿ ಸ್ವಲ್ಪ ತೊಳೆದಿಟ್ಟಂತೆ ಕೇಳಿಸುತ್ತಿತ್ತು. ಎಪ್ಪತ್ತರ ದಶಕದ ನಂತರ ನಿರ್ಮಾಪಕರು ಅವರನ್ನು ಒಂದೇ ಅಚ್ಚಿನ ತಂದೆಯ ಪಾತ್ರಗಳಿಗೆ ಕರೆಯುತ್ತ ಹೋದರು, ಅವುಗಳಲ್ಲಿ ಕೆಲವನ್ನು ನಿದ್ದೆಯಲ್ಲಿ ಎಬ್ಬಿಸಿದರೂ ಮಾಡಬಲ್ಲಷ್ಟು ಅಭ್ಯಾಸ ಅವರಿಗಾಗಿತ್ತು. ಮೊದಲರ್ಧದಲ್ಲಿ ಎದೆ ಹಿಡಿದುಕೊಂಡು ಸಾಯುವ ತಂದೆಯಿಂದ ನಟನೊಬ್ಬ ಹೊಸದೇನನ್ನು ತೆಗೆಯಲು ಸಾಧ್ಯ? ನಡುವೆ ಒಳ್ಳೆಯ ನಿರ್ದೇಶಕರು ಸಿಕ್ಕಾಗ ಮತ್ತೆ ಹಳೆಯ ಅಶ್ವಥ್ ಕಾಣುತ್ತಿದ್ದರು. ರಾಜೇಂದ್ರಸಿಂಗ್ ಬಾಬು ಅವರ 'ಮುತ್ತಿನ ಹಾರ' (1990) ಚಿತ್ರದಲ್ಲೂ ಅವರಿದ್ದಾರೆ.

ಪೋಷಕ ನಟನ ಜೀವನೋಪಾಯದ ಬಗ್ಗೆಯೂ ಒಂದು ಮಾತು ಹೇಳಬೇಕು. ಎಪ್ಪತ್ತರ ದಶಕದವರೆಗೂ ಕನ್ನಡ ಚಿತ್ರಗಳ ದೊಡ್ಡ ಪಾಲು ತಯಾರಾಗುತ್ತಿದ್ದುದು ಮದರಾಸಿನಲ್ಲಿ. ಮೈಸೂರಿನಲ್ಲಿ ಪ್ರೀಮಿಯರ್ ಸ್ಟುಡಿಯೋ ಇತ್ತು, ಬೆಂಗಳೂರಿನಲ್ಲಿ 1966ರಲ್ಲಿ ಕಂಠೀರವ ಸ್ಟುಡಿಯೋ ಶುರುವಾಯಿತು. ಆದರೂ ಒಳಾಂಗಣ ಚಿತ್ರೀಕರಣ, ಧ್ವನಿಮುದ್ರಣ, ಸಂಕಲನ ಎಂದರೆ ಮದರಾಸಿನ ಕೋಡಂಬಾಕ್ಕಂ. ನಾಯಕನ ಕಾಲ್‌ಶೀಟ್ ನೋಡಿಕೊಂಡು ಉಳಿದವರ ದಿನಗಳು ನಿಶ್ಚಯವಾಗುತ್ತಿದ್ದವು. ಸಂಭಾವನೆ ಚಿತ್ರಕ್ಕಿಷ್ಟು ಎಂದು ಒಮ್ಮೆ ಗೊತ್ತುಪಡಿಸಿದರೆ ಮುಗಿಯಿತು. ಚಿತ್ರ ನೂರು ದಿನ ಓಡಿದರೂ, ಮುಂದೆ ಟಿವಿಯಲ್ಲಿ ಪ್ರತಿ ಭಾನುವಾರ ಬಂದರೂ ಅದರಲ್ಲಿ ನಟನಿಗೆ ಪಾಲಿಲ್ಲ. ಮುನ್ನೂರು ಚಿತ್ರ ಮಾಡಿದವರು ಎಂದ ಕೂಡಲೇ ಸಿರಿವಂತರೆಂದು ಭಾವಿಸುವವರು ಈ ಲೆಕ್ಕವನ್ನು ಮರೆಯುತ್ತಾರೆ.

ಅಶ್ವಥ್ ಮದರಾಸಿಗೂ ಹೋಗಿ ನೆಲೆಸಲಿಲ್ಲ, ಆಮೇಲೆ ಚಿತ್ರರಂಗ ಬೆಂಗಳೂರಿಗೆ ಬಂದಾಗ ಅಲ್ಲಿಗೂ ಹೋಗಲಿಲ್ಲ. ಮೈಸೂರಿನ ಸರಸ್ವತಿಪುರಂ ಮನೆಯಿಂದಲೇ ಚಿತ್ರೀಕರಣಕ್ಕೆ ಹೋಗಿಬಂದು ಮಾಡಿದರು. ಚಿತ್ರರಂಗದವರು ಸೇರುವ ಬೆಂಗಳೂರಿನ ಗಾಂಧಿನಗರದ ಓಡಾಟದಲ್ಲಿ ಕಣ್ಣಿಗೆ ಬೀಳುತ್ತಿರುವವರಿಗೆ ಪಾತ್ರ ಸಿಗುವುದು ಸುಲಭ. ಊರು ಬಿಡದಿದ್ದರೂ ನಾಲ್ಕು ದಶಕ ಅವರಿಗೆ ಕರೆ ಬರುತ್ತಲೇ ಇತ್ತು.

ಕೊನೆಯ ವರ್ಷಗಳು

ತೊಂಬತ್ತರ ದಶಕದ ನಡುವೆ ಅವರು ಅಭಿನಯದಿಂದ ಹಿಂದೆ ಸರಿದರು. ಅಷ್ಟರಲ್ಲಿ ಕನ್ನಡ ಚಿತ್ರದಲ್ಲಿ ಪಡಸಾಲೆಯೂ ಆರಾಮ ಕುರ್ಚಿಯೂ ಮರೆಯಾಗತೊಡಗಿದ್ದವು. ನಾಯಕನಿಗೆ ತಂದೆ ಬೇಕಾಗುತ್ತಿದ್ದುದು ಸೇಡು ತೀರಿಸಿಕೊಳ್ಳಲು ಒಂದು ಕಾರಣವಾಗಿ ಮಾತ್ರ. ರಾಜ್‌ಕುಮಾರರ 'ಶಬ್ದವೇಧಿ' (2000) ಆಮೇಲೂ ಅವರು ಕಾಣಿಸಿಕೊಂಡ ಕೊನೆಯ ಚಿತ್ರಗಳಲ್ಲೊಂದು. ಮಗ ಶಂಕರ್ ಅಶ್ವಥ್ ಚಲನಚಿತ್ರ ಮತ್ತು ಕಿರುತೆರೆಯ ಪೋಷಕ ನಟರಾಗಿ ಹೆಸರಾದರು.

2009ರ ಡಿಸೆಂಬರ್ 29ರಂದು ಗಾಯಕ, ಸಂಗೀತ ನಿರ್ದೇಶಕ ಸಿ. ಅಶ್ವಥ್ ಬೆಂಗಳೂರಿನಲ್ಲಿ ತೀರಿಕೊಂಡರು. ಮರುದಿನ ಬೆಳಗಿನ ಜಾವ ಮೈಸೂರಿನಲ್ಲಿ ವಿಷ್ಣುವರ್ಧನ್. (ಇಬ್ಬರು ಅಶ್ವಥ್‌ಗಳನ್ನು ಒಬ್ಬರೆಂದು ಎಣಿಸುವವರು ಇಂದಿಗೂ ಇದ್ದಾರೆ, ಅವರಿಗೂ ಇವರಿಗೂ ಹೆಸರಿನ ಹೊರತು ನಂಟಿಲ್ಲ.) ಮೂರು ವಾರ ತುಂಬುವ ಮೊದಲೇ, 2010ರ ಜನವರಿ 18ರಂದು, ಮೈಸೂರಿನ ಆಸ್ಪತ್ರೆಯಲ್ಲಿ ಕೆ. ಎಸ್. ಅಶ್ವಥ್ ನಿಧನರಾದರು. ಅವರಿಗೆ ಎಂಬತ್ತನಾಲ್ಕು ವರ್ಷವಾಗಿತ್ತು. ರಾಮಾಚಾರಿಯ ಹಿಂದೆಯೇ ಮೇಷ್ಟ್ರೂ ಹೋದರು ಎಂದು ಜನ ಆಡಿಕೊಂಡರು.

'ಕಸ್ತೂರಿ ನಿವಾಸ' 2014ರಲ್ಲಿ ಬಣ್ಣ ಹೊತ್ತು ಮತ್ತೆ ಚಿತ್ರಮಂದಿರಗಳಿಗೆ ಬಂತು, 'ನಾಗರಹಾವು' 2018ರ ಜುಲೈನಲ್ಲಿ ಹೊಸ ಡಿಜಿಟಲ್ ರೂಪದಲ್ಲಿ. ಎರಡಕ್ಕೂ ಜನ ಸಾಲುಗಟ್ಟಿದರು.